ಆನೆ ನಿಲ್ಲಿಸಬಹುದಾದ ಕಂಬ

ಮಾರ್ಚ್ 3, ಬೆಳಿಗ್ಗೆ 7

ಹಲ್ಲುಜ್ಜುತ್ತಾ ಕಂಬ ಎಣಿಸಿದೆ. ದಿನದ ಅಭ್ಯಾಸ. ಗುಡ್ಡದ ಮೇಲೆ ಮೂವತ್ತೆರಡು ಮನೆ, ಎಲ್ಲವೂ ಹಳೇ ದೊರೆಗಳ ಬಂಗಲೆಯ ನಕಲು — ಬಿಳಿ ಗೋಡೆ, ಗೋಡೆಗೇ ಮೊಳೆ ಹೊಡೆದ ಹಸಿರು ಕಿಟಕಿ ಬಾಗಿಲು, ಮುಂದೆ ನಾಲ್ಕು ದುಂಡು ಕಂಬ. ನಮ್ಮದಕ್ಕೆ ಮಾತ್ರ ಆರು. ಒಟ್ಟು ನೂರ ಮೂವತ್ತು. ಅಷ್ಟೂ ನನ್ನ ವರ್ಕ್‌ಶಾಪಿನವು.

ಮೇಲ್ಮನೆ ಪ್ರೊಫೆಸರ್ ಲಾನ್ ಅಂಚಿನಿಂದ ಬಗ್ಗಿದ. ಅವನ ಲಾನ್ ಅಂದರೆ ನಮ್ಮ ಪೋರ್ಟಿಕೋದ ಸೂರು. ಇಳಿಜಾರಿನಲ್ಲಿ ಹೀಗೇ, ಒಬ್ಬರ ತಲೆ ಮೇಲೆ ಇನ್ನೊಬ್ಬರ ಹುಲ್ಲು.

"ಏನ್ರೀ ಕಂಬದ ಸಾಹುಕಾರ್ರೇ, ಆರು ಯಾಕೆ? ಆ ಕಾಲದ ಬಂಗಲೆಗೆ ನಾಲ್ಕೇ. ಇದು ಬಸ್ ಸ್ಟ್ಯಾಂಡ್ ಥರ ಕಾಣುತ್ತೆ."

"ಎರಡು ನಿಮಗೋಸ್ಕರ ಸರ್" ಅಂದೆ. ಅವನು ನಗಲಿಲ್ಲ.

ಕಾಲೋನಿಯ ಸ್ಟೈಲ್ ಕಮಿಟಿಗೆ ಇವನೇ ಅಧ್ಯಕ್ಷ. ಇವನ ತಾತ ಅಂಥ ಬಂಗಲೆಗಳ ಹಿಂಬಾಗಿಲಲ್ಲಿ ಕಾದು ನಿಂತವನು. ಮೊಮ್ಮಗನಿಗೆ ಮುಂಬಾಗಿಲಿನ ಅಳತೆ ಬಾಯಿಪಾಠ.

ಮಾರ್ಚ್ 9

ನೋಟಿಸ್. "ನಡುವಿನ ಹೆಚ್ಚುವರಿ ಕಂಬ ಎರಡು, ತೆಗೆಸತಕ್ಕದ್ದು."

ಹೆಂಡತಿ ಎರಡು ಸಲ ಓದಿದಳು. "ರೀ, ಆ ಎರಡೇ ಅಲ್ವಾ ನಿಜವಾದವು?"

ಹೌದು. ಮಿಕ್ಕ ನೂರ ಇಪ್ಪತ್ತೆಂಟೂ ಟೊಳ್ಳು. ಫೈಬರ್ ಕೊಳವೆ, ಮೇಲೆ ಸಿಮೆಂಟು, ಬಿಳಿ ಬಣ್ಣ. ಆ ಮನೆಗಳಲ್ಲಿ ಭಾರ ಹೊರುವುದು ಗೋಡೆ. ಕಂಬಕ್ಕೆ ಸುಮ್ಮನೆ ನಿಲ್ಲುವ ಕೆಲಸ. ಮಾರುವಾಗ ಮಾತ್ರ — ಗಟ್ಟಿ ಕಾಂಕ್ರೀಟು ಸರ್, ಇದರ ಮೇಲೆ ಆನೆ ನಿಲ್ಲಿಸಿ. ಮೂವತ್ತೊಂದು ಮನೆಗೂ ಅದೇ ಆನೆ. ನಮ್ಮ ಪೋರ್ಟಿಕೋಗೆ ಮುಂದುಗಡೆ ಗೋಡೆಯಿಲ್ಲ, ಮೇಲೆ ಅವನ ಮಣ್ಣು, ಹುಲ್ಲು. ಎಂಜಿನಿಯರ್ ಹಟ ಹಿಡಿದು ನಡುವಿನ ಎರಡಕ್ಕೆ ಕಬ್ಬಿಣ ಕಟ್ಟಿಸಿ ಕಾಂಕ್ರೀಟು ತುಂಬಿಸಿದ್ದ.

"ಹೋಗಿ ನಿಜ ಹೇಳಿ."

"ಹೇಳಿದ್ರೆ ಸಂಜೆಯೊಳಗೆ ಕಾಲೋನಿ ಪೂರ್ತಿ ಕಂಬ ತಟ್ಟುತ್ತೆ."

"ತಟ್ಲಿ. ಅಕ್ಕ ದಿನಾ ಬೆಳಿಗ್ಗೆ ಆ ಲಾನ್ ಮೇಲೇ ಕೂತು ಪೇಪರ್ ಓದ್ತಾರೆ."

ಅಕ್ಕ — ಪ್ರೊಫೆಸರನ ಹೆಂಡತಿ. ನಮ್ಮ ಗಂಡಸರ ಜಗಳ ಹೆಂಗಸರಿಬ್ಬರಿಗೆ ಅಂಟಿಲ್ಲ.

ಮಾರ್ಚ್ 15

ಮೀಟಿಂಗಲ್ಲಿ ಹೇಳಿದೆ. ಅರ್ಧ. "ಆ ಎರಡನ್ನು ಮುಟ್ಟಬೇಡಿ ಸರ್. ನಿಮ್ಮ ಲಾನ್ ಅವುಗಳ ಮೇಲಿದೆ."

"ಮಿಕ್ಕ ನಾಲ್ಕು?"

"ಅವೂ ಇವೆ..."

"ಒಂದೊಂದರ ಮೇಲೂ ಆನೆ ನಿಲ್ಲುತ್ತೆ ಅಂದವರು ನೀವು. ನಾಲ್ಕು ಆನೆ ಹೊರೋ ಕಡೆ ನನ್ನ ಹುಲ್ಲು ನಿಲ್ಲಲ್ವಾ?"

ಹಾಲ್ ಪೂರ್ತಿ ನಕ್ಕಿತು. ನನ್ನ ಮಾತೇ ನನ್ನ ಬಾಯಿಗೆ ಬೀಗ.

"ಮಾರೋರಿಗೆ ಸ್ಟೈಲ್ ಎಲ್ಲಿ ಅರ್ಥವಾಗಬೇಕು" ಅಂದ, ಪಕ್ಕದವನಿಗೆ, ನನಗೆ ಕೇಳುವ ಹಾಗೆ.

ಒಪ್ಪಿಗೆ ಕಾಗದಕ್ಕೆ ಸಹಿ ಹಾಕಿದೆ. ಬೀಳಲಿ. ಹುಲ್ಲಿನ ಸಮೇತ ಅವನೂ ಬರಲಿ ನಮ್ಮ ಅಂಗಳಕ್ಕೆ.

ಮಾರ್ಚ್ 16

ಹೆಂಡತಿ ಮಾತು ಬಿಟ್ಟಿದ್ದಾಳೆ.

ಏಪ್ರಿಲ್ 2, ಬೆಳಿಗ್ಗೆ 9:40

ರಸ್ತೆ ಆಚೆ ಕಟ್ಟೆ ಮೇಲೆ ಕೂತಿದ್ದೇನೆ. ಒಡೆಯುವವನು ಬಂದಿದ್ದಾನೆ, ನರೆತ ಮೀಸೆಯ ಆಸಾಮಿ. ಮೇಲೆ ಲಾನ್ ಅಂಚಲ್ಲಿ ಪ್ರೊಫೆಸರ್ ಕೈಕಟ್ಟಿ ನಿಂತಿದ್ದಾನೆ. ಅಕ್ಕ ಬೆತ್ತದ ಕುರ್ಚಿಯಲ್ಲಿ, ಪೇಪರ್ ಹಿಡಿದು. ದೂರ ಇರಿ ಅಂತ ಯಾರೂ ಹೇಳಿಲ್ಲ. ಹೇಳಬೇಕಾದವನು ಇಲ್ಲಿ ಬರೆಯುತ್ತಿದ್ದಾನೆ.

9:50

ಆಸಾಮಿ ಮೊದಲು ನಡುವಿನ ಕಂಬವನ್ನು ಬೆರಳ ಗೆಣ್ಣಿನಿಂದ ತಟ್ಟಿದ. ಪಕ್ಕದ ಟೊಳ್ಳನ್ನೂ ತಟ್ಟಿದ. ಮತ್ತೆ ಇದನ್ನು. ತಿರುಗಿ ನನ್ನನ್ನೇ ನೋಡಿದ.

"ಯಜಮಾನ್ರೇ, ಇದು ಬೇರೆ ಥರ ಮಾತಾಡ್ತಿದೆಯಲ್ಲ."

"ಹೊಡೀರಿ, ಹೊಡೀರಿ" — ಮೇಲಿನಿಂದ.

"ಟೀ ಕುಡಿದು ಹೊಡೀತೀನಿ ಸ್ವಾಮಿ" ಅಂದ. ಸುತ್ತಿಗೆ ಕೆಳಗಿಟ್ಟ. ಐದು ನಿಮಿಷ ಸಿಕ್ಕಿತು. ನನಗೇ ಕೊಟ್ಟನೋ ಏನೋ.

9:53

ಹೆಂಡತಿ ಮನೆಯಿಂದ ಹೊರಬಂದಳು. ಕೈಯಲ್ಲಿ ನಮ್ಮ ಮಡಚುವ ಕುರ್ಚಿ. ನನ್ನ ಕಡೆ ತಿರುಗಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋದಳು, ಅಕ್ಕನ ಪಕ್ಕ ಕುರ್ಚಿ ಬಿಡಿಸಿ ಕೂತಳು. ಸರಿಯಾಗಿ ನಡುವಿನ ಕಂಬಗಳ ಮೇಲೆ. ಈಗ ನನ್ನ ಕಡೆ ನೋಡುತ್ತಿದ್ದಾಳೆ.

ಟೀ ಲೋಟ ಕೆಳಗಿಟ್ಟ ಆಸಾಮಿ. ಹೇಳುವುದನ್ನು ಇಲ್ಲಿ ಬರೆದುಕೊಂಡೇ ಏಳುತ್ತೇನೆ, ಮತ್ತೆ ನಾಲಿಗೆ ವ್ಯಾಪಾರಕ್ಕೆ ಇಳಿಯಬಾರದು — ಸರ್, ಕೆಳಗೆ ಬನ್ನಿ. ಮೊದಲು ಪಕ್ಕದ ಕಂಬ ತಟ್ಟಿ. ಆಮೇಲೆ ನಿಮ್ಮ ಮನೆಯದನ್ನೂ —