ಗೇಟು ಎತ್ತಿದವನಿಗೆ

ತುರ್ವಿಹಾಳ,
ಜುಲೈ ೧೯೬೯

ಗೆಳೆಯ ಗೋಪಣ್ಣನಿಗೆ, ವೆಂಕೋಬನ ನಮಸ್ಕಾರ.

ಎದುರಿಗೆ ಬಂದು ಹೇಳುವ ಮುಖ ನನಗಿಲ್ಲ, ಅದಕ್ಕೇ ಈ ಕಾಗದ. ಓದಿ ನಕ್ಕರೂ ಪರವಾಗಿಲ್ಲ, ಹರಿದು ಮಾತ್ರ ಹಾಕಬೇಡ.

ಈ ಸೀಸನ್ನು ನಮ್ಮದೇ, ಅದರಲ್ಲಿ ಎರಡು ಮಾತಿಲ್ಲ. ಸಿಂಧನೂರಿನ ಅಕ್ಕಿ ಮಿಲ್ಲಿನವರು ನಮಗೆ ಪಗಾರ ಕೊಟ್ಟು ಕಬಡ್ಡಿ ಆಡಿಸಿದರು ನಿಜ, ಆದರೆ ಪಗಾರ ಕೊಟ್ಟ ಮಾತ್ರಕ್ಕೆ ಯಾರೂ ಗೆಲ್ಲುವುದಿಲ್ಲ. ಕಾಲುವೆ ಬಂದಾದ ಎರಡು ತಿಂಗಳು ನೀರು ಬಿಡುವ ಲಸ್ಕರನಾದ ನಿನಗೂ ಬಿಡುವು. ಅಷ್ಟರಲ್ಲಿ ಒಂಬತ್ತು ಪಂದ್ಯ ಆಡಿದೆವು, ಒಂಬತ್ತೂ ಗೆದ್ದೆವು. ಮಸ್ಕಿಯವರಂತೂ ಅರ್ಧ ಆಟಕ್ಕೇ ಕೈಚೆಲ್ಲಿದರು. ದಾಳಿಗೆ ನಾನು, ಹಿಡಿಯಲು ನೀನು. ನಿನ್ನದು ಉಡದ ಹಿಡಿತ.

ಒಣಗಿದ ಉಪಕಾಲುವೆಯ ಮರಳೇ ನಮ್ಮ ಮೈದಾನ, ಎರಡೂ ದಂಡೆಯ ಮೇಲೆ ಜನ. ನೀರು ಬಿಡುವ ದಿನ ಹತ್ತಿರ ಬಂತು, ಫೈನಲ್ಲು ರಾಶಿ ಮಾಡುವ ಕಣದಲ್ಲಿ ಆಡೋಣ ಎಂದು ನೀನು ಹೇಳಿದ್ದೆ. ಗೆಲ್ಲುತ್ತ ಬಂದ ಜಾಗ ಬಿಡಬಾರದೆಂದು ನಾನೇ ಹಟ ಹಿಡಿದೆ. ಫೈನಲ್ಲಿನಲ್ಲಿ ಲಿಂಗಸುಗೂರಿನವರ ಮೇಲೆ ಎರಡು ಅಂಕ ಮುಂದಿದ್ದಾಗ, ಗೇಟು ಎತ್ತಬೇಕೆಂಬ ಹುಕುಂ ಸೈಕಲ್ಲಿನ ಮೇಲೆ ಬಂತು. ಒಂದು ತಾಸು ತಡೆ ಎಂದು ನಿನ್ನ ಕೈ ಹಿಡಿದುಕೊಂಡೆ.

"ತಡ ಮಾಡಿದ್ರ ನೀರು ಕಾಲುವಿ ತುದಿಗಿರೋ ಬಳಗಾನೂರು ಮುಟ್ಟೋದ್ರೊಳಗ ಹೊತ್ತು ಮುಳುಗ್ತದ. ಕತ್ತಲಾದ್ರ ಮೇಲಿನವ್ರು ತಮ್ಮ ಹೊಲಕ್ಕ ತಿರುವ್ಕೊಂತಾರ. ಅಲ್ಲಿ ಸಸಿ ಒಣಗಾಕತ್ತಾವು ವೆಂಕೋಬಾ," ಅಂದೆ ನೀನು.

ಅಷ್ಟು ಜನರೆದುರು ನಿನ್ನನ್ನು ಉಂಡ ಮನೆಯ ಜಂತಿ ಎಣಿಸುವವನು ಎಂದು ಬೈದೆ. ನೀನು ಮೈಮೇಲಿನ ಮರಳು ಕೊಡವಿ, ಅಂಗಿ ಹಾಕಿಕೊಂಡು ಗೇಟಿನ ಕಡೆ ಹೋದೆ.

ಅರ್ಧ ತಾಸಿಗೆ ನೀರು ಬಂತು, ಹಾಕಿದ ಗೆರೆಗಳೆಲ್ಲ ಕೊಚ್ಚಿಹೋದವು. ತೀರ್ಪು ಹೇಳುವ ಪಂಚರಾದ ಖಾಜಾಸಾಬರು ಉಳಿದ ಆಟವನ್ನು ಕಣಕ್ಕೆ ಒಯ್ದರು. ಆರೇ ಜನ ಆಡಿದೆವು. ಕೊನೆಗೆ ನಿನ್ನ ಜಾಗದಲ್ಲಿ ನಾನೇ ನಿಂತು ಒಬ್ಬನ ಕಾಲು ಹಿಡಿದೆ, ಮೊಣಕಾಲ ಚರ್ಮ ಕಿತ್ತುಹೋಯಿತು. ಒಂದೇ ಅಂಕದಿಂದ ಗೆದ್ದೆವು. ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿದರು, ನಾನೂ ಬೀಗಿದೆ.

ಮೂರನೆಯ ದಿನ ಗೆದ್ದ ಕಪ್ಪು ತೋರಿಸಲು ಬಳಗಾನೂರಿಗೆ, ನಮ್ಮ ಮುದುಕಮ್ಮ ಅಕ್ಕನ ಊರಿಗೆ ಹೋದೆ. ಒಣಗುತ್ತಿದ್ದ ಸಸಿಮಡಿಗಳಲ್ಲಿ ಅವಳದೂ ಒಂದೆಂದು ನನ್ನ ತಲೆಗೇ ಹೊಳೆದಿರಲಿಲ್ಲ. ಅಕ್ಕ ಮಡಿಗೆ ನೀರು ಕಟ್ಟುತ್ತಿದ್ದಳು. ಕಪ್ಪಿನ ಕಡೆ ಒಮ್ಮೆ ನೋಡಿ, ನೀರು ಬಿಟ್ಟವರು ಯಾರು ಎಂದು ಕೇಳಿದಳು. ನಿನ್ನ ಹೆಸರು ಹೇಳಿದೆ. ಬೈದದ್ದನ್ನೂ ಹೇಳಿದೆ, ಅವಳೆದುರು ಸುಳ್ಳು ನಡೆಯುವುದಿಲ್ಲ.

"ಹಂಗಾರ ಅವನ್ನ ಕರಕೊಂಡು ಬಾ. ಅವ ಉಂಡ ಮ್ಯಾಲ ನಿನಗ ನೀಡ್ತೀನಿ," ಅಂದಳು.

ಕಪ್ಪು ಬಗಲಲ್ಲಿಟ್ಟುಕೊಂಡು ಬರಿ ಹೊಟ್ಟೆಯಲ್ಲಿ ತಿರುಗಿ ಬಂದೆ. ತಪ್ಪು ನನ್ನದು ಗೋಪಣ್ಣ. ನೀನು ಆ ದಿನ ಮಾಡಿದ್ದೇ ಸರಿ. ಬರುವ ಸೋಮವಾರ ಅಮಾವಾಸ್ಯೆ, ಅಕ್ಕ ಹೋಳಿಗೆ ಮಾಡುತ್ತಾಳೆ. ನೀನು ಬರುತ್ತೀಯ, ನನಗೆ ಗೊತ್ತು.

ನಿನಗೂ ನಿನ್ನ ನೀರು ಉಂಡ ಹೊಲಗಳಿಗೂ ಒಳ್ಳೆಯದಾಗಲಿ.

ನೀನು ಉಣ್ಣುವವರೆಗೆ ಉಪವಾಸವಿರುವ,
ವೆಂಕೋಬ