ಸುದ್ದಿಯ ವಂಶಾವಳಿ

ಜೂನ್ ೧೪, ಶುಕ್ರವಾರ. ನೆಯಾಫು, ಟೊಂಗಾ ದ್ವೀಪಗಳು.

ಬೆಳಗಿನಿಂದ ತಲೆ ತಿಂದದ್ದು ಪಕ್ಕದ ಮನೆಯ ಫತಾಯಿಯ ಬೀಕನ್. ದೋಣಿ ಮುಳುಗಿದರೆ ಉಪಗ್ರಹಕ್ಕೆ ಕೂಗು ಹಾಕುವ ಹಳದಿ ಡಬ್ಬಿ. ನಾಳೆ ಆಳ ಸಮುದ್ರಕ್ಕೆ ಹೊರಟವನು ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾನಂತೆ. ಹಳೆಯ ಬೀಕನ್‌ಗಳೆಲ್ಲ ಈ ತಿಂಗಳಿಂದ ಕೆಲಸ ಮಾಡವು ಎಂದು ಕಾವಾ ಬೇರಿನ ಪಾನಕ ಕುಡಿಯುವ ಕೂಟದಲ್ಲಿ ಚರ್ಚಿನ ಹಿರಿಯರೇ ಹೇಳಿದರಂತೆ. ಹಿರಿಯರು ಹೇಳಿದ ಮೇಲೆ ಇಲ್ಲಿ ಎದುರುಮಾತಿಲ್ಲ.

ಫತಾಯಿಯ ಹೆಂಡತಿ ಮೆಲಿಯಾನೆ ಅವನನ್ನು ನನ್ನ ಜಗುಲಿಗೆ ಎಳೆದು ತಂದಳು. "ಮೇಷ್ಟ್ರೇ, ಈ ಮೊಂಡನಿಗೆ ನೀವೇ ಹೇಳಿ. ನಂಗೆ ವಿಧವೆ ಆಗೋಕೆ ಪುರುಸೊತ್ತಿಲ್ಲ."

ಫೋನಿನಲ್ಲಿ ಹುಡುಕಿದೆ. ಐದು ತಾಣಗಳು ಹಿರಿಯರ ಮಾತನ್ನೇ ಹೇಳಿದವು. ನಂಬಿಯೇಬಿಡುತ್ತಿದ್ದೆ. ಆಗ ಮೆಲಿಯಾನೆ, ಹೊಸಬರು ಸಿಕ್ಕರೆ ಇಲ್ಲಿಯವರೆಲ್ಲ ಕೇಳುವುದನ್ನೇ ಕೇಳಿದಳು: "ಈ ಸುದ್ದಿ ಯಾರ ಮಗು? ಅಪ್ಪ ಯಾರು, ಅಜ್ಜ ಯಾರು?"

ಒಂದೊಂದೇ ತಲೆಮಾರು ಹತ್ತಿದೆವು. ಐದೂ ಒಂದೇ ವಿಡಿಯೊದ ಮಕ್ಕಳು. ವಿಡಿಯೊ ಮಾಡಿದವನು ಹೊಸ ಬೀಕನ್ ಮಾರುವವನು! ಇನ್ನೂ ಹುಡುಕಿದಾಗ, ಅದು ಸುಳ್ಳು ಎನ್ನುವ ಆರನೆಯ ವರದಿ ಸಿಕ್ಕಿತು; ಅದಕ್ಕೆ ಮಾತ್ರ ಬರೆದವಳ ಹೆಸರಿತ್ತು, ಹಿಂದಿನ ತಪ್ಪಿಗೆ ತಿದ್ದುಪಡಿಯಿತ್ತು, ಅವಳು ವಿಚಾರಿಸಿದ ಸಮುದ್ರ ರಕ್ಷಣಾ ಕೇಂದ್ರದ ಹೆಸರೂ ಇತ್ತು. ಕೇಂದ್ರಕ್ಕೇ ಫೋನ್ ಮಾಡಿದೆವು. ಡಬ್ಬಿಯ ಮೇಲಿನ ನಂಬರ್ ಕೇಳಿ, "ಚೆನ್ನಾಗೇ ಇದೆಯಲ್ಲ, ಜೊತೆಗಿಟ್ಕೊಳ್ಳಿ" ಎಂದರು.

"ಹಿರಿಯರಿಗೆ ಹೇಳೋರ್ಯಾರು?" ಎಂದ ಫತಾಯಿ.

"ನಾನು ಹೇಳ್ತೀನಿ. ನೀನು ತೇಲು, ಸಾಕು" ಎಂದಳು ಮೆಲಿಯಾನೆ.

ಮೂಲವಿಲ್ಲದ ಸುದ್ದಿ, ಬಾಲವಿಲ್ಲದ ಗಾಳಿಪಟ. ಪ್ರಾಸ ಪರವಾಗಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದವನು ಒಂದೇ ಬಾಯಿಯ ಮಾತನ್ನು ಐದು ಸಾಕ್ಷಿ ಎಂದು ಎಣಿಸಿದ್ದೆ.

ಸಂಜೆ ಫತಾಯಿ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿ ನೋಡುತ್ತಿದ್ದ. ನನ್ನ ಎದೆ ಹಗುರಾಗಿದೆ. ಕಣ್ಣು ಎಳೆಯುತ್ತಿದೆ. ನಾಳೆ ಹಿರಿಯರ ಮನೆಗೆ ಮೆಲಿಯಾನೆಯೊಬ್ಬಳನ್ನೇ ಕಳಿಸುವುದು ಸರಿಯಲ್ಲ, ನಾನೂ…