ಎರಡು ದವಡೆ, ಒಂದೇ ಟ್ರೇ

ಮಾರ್ಚ್ 3, ಸೋಮವಾರ
ಬ್ರಷ್, ಸೂಜಿ, ಗಾಳಿ ಊದುವ ರಬ್ಬರ್ ಉಂಡೆ. ಎರಡನೇ ದವಡೆ ಶುರು. ಮ್ಯೂಸಿಯಮ್ಮಿನ ಈ ಲ್ಯಾಬಿನಲ್ಲಿ ಸದ್ಯದ ಗಿರಾಕಿ ಪ್ಯಾಕಿಕ್ರೊಕ್ಯೂಟ — ಲಕ್ಷಾಂತರ ವರ್ಷದ ಹಿಂದೆಯೇ ವಂಶ ಮುಗಿದ ಕತ್ತೆಕಿರುಬ. ಕತ್ತೆಯೂ ಅಲ್ಲ, ಕಿರಿದಂತೂ ಅಲ್ಲ, ಸಿಂಹದ ತೂಕ. ಕಲ್ಲೋ ಎಲುಬೋ ಅನುಮಾನ ಬಂದರೆ ನಾಲಿಗೆಗೆ ತಾಗಿಸಬೇಕು, ಅಂಟಿದರೆ ಎಲುಬು. ಎಲುಬಿಲ್ಲದ ನಾಲಿಗೆಗೆ ಕೊನೆಗೂ ಒಂದು ಉದ್ಯೋಗ. ನನ್ನದಿನ್ನೂ ಪ್ರೊಬೇಷನ್. ಕಾಯಂ ಮಾಡುವುದೋ ಮನೆಗೆ ಕಳಿಸುವುದೋ — ಶುಕ್ರವಾರ ಮ್ಯೂಸಿಯಮ್ಮಿನ ದೊಡ್ಡವರ ತೀರ್ಮಾನ.

ಮಾರ್ಚ್ 4, 11.40
ಹಳೇ ಅಂಟು ತೆಗೆಯಲು ಎರಡೂ ದವಡೆಯ ಚೂರುಗಳನ್ನೆಲ್ಲ ಅಸಿಟೋನಿನಲ್ಲಿ ಅದ್ದಿದೆ. ಅಂಟು ಹೋಯಿತು. ಚೂರುಗಳ ಮೇಲೆ ಬರೆದಿದ್ದ ಅಂಕಿಗಳೂ ಹೋದವು...
ಎರಡು ಪ್ರಾಣಿ, ಅವು ಸಿಕ್ಕ ಗುಹೆಯ ಎರಡು ಮಣ್ಣಿನ ಪದರ, ಇಪ್ಪತ್ತೇಳು ಚೂರು, ಒಂದೇ ಟ್ರೇ. ಯಾವುದು ಯಾರದ್ದೆಂದು ಹೇಳುತ್ತಿದ್ದದ್ದು ಆ ಅಂಕಿಗಳು ಮಾತ್ರ. ಪೆನ್ನು ಕೈಯಲ್ಲಿದೆ. ಅಂದಾಜಿನಲ್ಲಿ ಬರೆದುಬಿಟ್ಟರೆ ಯಾರಿಗೂ ಗೊತ್ತಾಗದು. ಸಾಕ್ಷಿಗಳಿಬ್ಬರೂ ಎದುರಿಗೇ ಇದ್ದಾರೆ, ಬರೀ ದವಡೆ.

12.15
ಬರೆಯಲಿಲ್ಲ. ಕೆಲಸ ಕಲಿಸುತ್ತಿರುವ ಅಕ್ಕನಿಗೆ ಹೇಳಿದೆ.
"ಅಕ್ಕ, ಅಂಕಿ ಎಲ್ಲ ತೊಳೆದುಬಿಟ್ಟೆ."
ಟ್ರೇ ನೋಡಿದರು. ನನ್ನನ್ನು ನೋಡಿದರು.
"ನಿನ್ನ ಮುಖ ನೋಡಿದ್ರೆ ಅವು ಬದುಕಿವೆ, ನೀನೇ ನಿರ್ವಂಶ ಆದಂಗಿದೆ. ಕೂತ್ಕೋ. ಲೆನ್ಸ್ ಕೊಡಿಲ್ಲಿ."

ಮಾರ್ಚ್ 6
ಕಣ್ಣು ಉರಿ. ಎಲುಬಿನ ಸಣ್ಣ ರಂಧ್ರಗಳಲ್ಲಿ ಮಣ್ಣು ಉಳಿದಿತ್ತು: ಮೇಲಿನ ಪದರದ್ದು ಕೆಂಪು, ಕೆಳಗಿನದ್ದು ಬೂದು. ಎರಡು ದಿನದಲ್ಲಿ ಇಪ್ಪತ್ತೈದು ಚೂರು ಬೇರೆಯಾದವು. ಉಳಿದೆರಡರಲ್ಲಿ ಮಣ್ಣೇ ಇಲ್ಲ.
"ಅವೆರಡರ ಮುಂದೆ 'ಗೊತ್ತಿಲ್ಲ' ಅಂತ ಬರಿ," ಅಂದರು ಅಕ್ಕ.
"ದೊಡ್ಡವರು ಬೈದ್ರೆ?"
"ಬೈಸ್ಕೋ. ಸುಳ್ಳು ಬರೆದ್ರೆ ಅದು ನಮಗಿಂತ ಜಾಸ್ತಿ ವರ್ಷ ಇರುತ್ತೆ."

ಮಾರ್ಚ್ 7, ಮಧ್ಯಾಹ್ನ
ದೊಡ್ಡವರು ಲ್ಯಾಬಿನ ದಿನದ ಕೆಲಸ ದಾಖಲಿಸುವ ಪುಸ್ತಕ ಓದಿದರು. ನನ್ನ ತಪ್ಪನ್ನು ನಾನೇ ಅದರಲ್ಲಿ ಬರೆದಿದ್ದೆ, ಕೆಳಗೆ ನನ್ನ ಸಹಿ. ಅದರ ಪಕ್ಕ — ನಾನು ನೋಡಿರಲೇ ಇಲ್ಲ — ಇನ್ನೊಂದು ಸಹಿ, ಅಕ್ಕನದು.
"ಇಲ್ಲಿ ನಿಮ್ಮದ್ಯಾಕಮ್ಮ?"
"ಅದ್ದಿದ್ದು ಅವನು. ಮೊದ್ಲು ಫೋಟೋ ತೆಗಿ ಅಂತ ಹೇಳದೆ ಬಿಟ್ಟೋಳು ನಾನು."
"ತಾನಾಗಿ ಬಂದು ಹೇಳಿದ್ನಾ?"
"ಅರ್ಧ ಗಂಟೆ ಬೆವತು, ಆಮೇಲೆ."
ದೊಡ್ಡವರಿಗೆ ನಗು ಬಂತು. ಕಾಯಂ.

3.10
ಅಕ್ಕನಿಗೆ ಏನಾದರೂ ಹೇಳಬೇಕು. ಬೆಳಗಿನಿಂದ ಸಂಜೆಯವರೆಗೆ ಹರಟುವ ಬಾಯಿ ನನ್ನದು. ಊಟದ ಹೊತ್ತಿನಿಂದ ಒಂದು ನೆಟ್ಟಗಿನ ಮಾತು ಹೊರಡುತ್ತಿಲ್ಲ. ಬರೆದಾದರೂ ನೋಡೋಣವೆಂದು ಕೂತರೆ ಅಲ್ಲಿಂದ ಅಕ್ಕನ ಕೂಗು: "ಏ ಕಾಯಂ, ಬಾರೋ. ದವಡೆ ಹಿಡ್ಕೋ, ಅಂಟು ಆರ್ತಿದೆ."
"ಬಂದೆ ಅಕ್ಕ." ಹೋಗುವ ಮೊದಲು ಒಂದೇ ಸಾಲು. ಅಕ್ಕ ಆ ಸಹಿ ಹಾಕದೆ ಇದ್ದಿದ್ದರೆ ನಾನು —